ವಿಲಿಯಂ ಬೆವರಿಜ್

ವಿಲಿಯಂ ಹೆನ್ರಿ ಬೆವರಿಜ್ (ಮಾರ್ಚ್ ೫, ೧೮೭೯ – ಮಾರ್ಚ್ ೧೬, ೧೯೬೩) ಬ್ರಿಟನ್ನಿನ ಅರ್ಥಶಾಸ್ತ್ರಜ್ಞರು ಹಾಗೂ ಸಮಾಜ ಸುಧಾರಕರು. ೧೯೪೨ರಲ್ಲಿ ಪ್ರಕಟವಾದ ಇವರ ವರದಿಯು ಆ ದೇಶದ ಸಾಮಾಜಿಕ ಭದ್ರತಾ ವ್ಯವಸ್ಥೆಗೆ ಬುನಾದಿಯಾಯಿತು. ವೃದ್ಧರು ದುಡಿಯುತ್ತಲೇ ಪಿಂಚಣಿ ಪಡೆಯಬಹುದೇ ಎಂಬ ಪ್ರಶ್ನೆಗೆ ಈ ವರದಿ ನೀಡಿದ ಉತ್ತರವು ದಶಕಗಳ ಕಾಲ ಚರ್ಚೆಗೆ ಒಳಗಾಯಿತು.

ಜನನ ಮತ್ತು ಶಿಕ್ಷಣ

ಬೆವರಿಜ್ ಅವರು ಈಗ ಬಾಂಗ್ಲಾದೇಶದಲ್ಲಿರುವ ರಂಗಪುರದಲ್ಲಿ ಜನಿಸಿದರು. ತಂದೆ ಹೆನ್ರಿ ಬೆವರಿಜ್ ಇಂಡಿಯನ್ ಸಿವಿಲ್ ಸರ್ವೀಸಿನಲ್ಲಿದ್ದ ನ್ಯಾಯಾಧೀಶರು. ತಾಯಿ ಆನೆಟ್ ಅಕ್ರಾಯ್ಡ್ ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದಿದ್ದರು. 'ಬಾಬರ್‌ನಾಮಾ'ವನ್ನು ಇಂಗ್ಲಿಷಿಗೆ ಅನುವಾದಿಸಿದವರೂ ಅವರೇ. ಬೆವರಿಜ್ ಅವರ ಉನ್ನತ ಶಿಕ್ಷಣವು ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ನಡೆಯಿತು.

ವೃತ್ತಿಜೀವನ

೧೯೦೩ರಲ್ಲಿ ಲಂಡನ್ನಿನ ಬಡವರ ನಡುವೆ ಸೇವೆ ಸಲ್ಲಿಸುತ್ತಿದ್ದ ಟಾಯ್ನ್‌ಬಿ ಹಾಲ್ ಸಂಸ್ಥೆಯನ್ನು ಸೇರಿದ ಇವರು ನಿರುದ್ಯೋಗದ ಅಧ್ಯಯನದಲ್ಲಿ ತೊಡಗಿದರು. ೧೯೦೮ರಲ್ಲಿ ಸರ್ಕಾರಿ ಸೇವೆಗೆ ಬಂದು, ಉದ್ಯೋಗ ವಿನಿಮಯ ಕೇಂದ್ರಗಳ ಸ್ಥಾಪನೆಯಲ್ಲಿ ಪ್ರಮುಖ ಪಾತ್ರ ವಹಿಸಿದರು. ೧೯೧೯ರಿಂದ ೧೯೩೭ರವರೆಗೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ನಿರ್ದೇಶಕರಾಗಿದ್ದರು.

೧೯೪೨ರ ವರದಿ ಮತ್ತು ಪಿಂಚಣಿ

೧೯೨೫ರ ಕಾಯಿದೆಯಂತೆ ವಿಮಾದಾರರು ೬೫ನೆಯ ವಯಸ್ಸಿನಿಂದ ಪಿಂಚಣಿಗೆ ಅರ್ಹರಾಗಿದ್ದರು. ಅದಕ್ಕಾಗಿ ಕೆಲಸ ಬಿಡಬೇಕೆಂಬ ಷರತ್ತು ಇರಲಿಲ್ಲ. ಆದರೆ ಆ ಮೊತ್ತ ಜೀವನ ನಿರ್ವಹಣೆಗೆ ಸಾಲುತ್ತಿರಲಿಲ್ಲ. ಜೀವನಕ್ಕೆ ಸಾಲುವಷ್ಟು ಪಿಂಚಣಿ ನೀಡುವುದಾದರೆ ಅದು ನಿಜವಾಗಿ ನಿವೃತ್ತರಾದವರಿಗೆ ಮಾತ್ರ ಸಲ್ಲಬೇಕು ಎಂಬುದು ಬೆವರಿಜ್ ಅವರ ನಿಲುವು. ವೃದ್ಧರನ್ನು ಕೆಲಸದಿಂದ ದೂರವಿಡುವುದು ಅವರ ಉದ್ದೇಶವಾಗಿರಲಿಲ್ಲ. ವೃದ್ಧರ ಸಂಖ್ಯೆ ಹೆಚ್ಚುತ್ತಿರುವುದನ್ನು ಗಮನಿಸಿದ ಅವರು, ನಿವೃತ್ತಿಯನ್ನು ಮುಂದೂಡಿ ದುಡಿಯುವವರಿಗೆ ಮುಂದೆ ಹೆಚ್ಚಿನ ಪಿಂಚಣಿ ದೊರೆಯಬೇಕೆಂದು ಶಿಫಾರಸು ಮಾಡಿದರು.

ಗಳಿಕೆ ನಿಯಮ

೧೯೪೬ರ ರಾಷ್ಟ್ರೀಯ ವಿಮಾ ಕಾಯಿದೆಯು ಈ ಎರಡೂ ಅಂಶಗಳನ್ನು ಅಳವಡಿಸಿಕೊಂಡು ಜುಲೈ ೫, ೧೯೪೮ರಂದು ಪೂರ್ಣವಾಗಿ ಜಾರಿಗೆ ಬಂದಿತು. ಪಿಂಚಣಿಯ ವಯಸ್ಸು ಪುರುಷರಿಗೆ ೬೫, ಮಹಿಳೆಯರಿಗೆ ೬೦ ಆಗಿತ್ತು. ನಂತರದ ಐದು ವರ್ಷಗಳಲ್ಲಿ ಪಿಂಚಣಿದಾರರ ಗಳಿಕೆ ವಾರಕ್ಕೆ ೨೦ ಷಿಲ್ಲಿಂಗ್ ಮೀರಿದರೆ, ಮೀರಿದಷ್ಟು ಮೊತ್ತವನ್ನು ಪಿಂಚಣಿಯಿಂದ ಕಡಿತ ಮಾಡಲಾಗುತ್ತಿತ್ತು. ಐದು ವರ್ಷ ಕಳೆದ ಮೇಲೆ ಈ ನಿರ್ಬಂಧ ಅನ್ವಯಿಸುತ್ತಿರಲಿಲ್ಲ. ಮಿತಿಗಿಂತ ಹೆಚ್ಚು ದುಡಿದರೆ ಕೈಗೆ ಏನೂ ಉಳಿಯದ ಕಾರಣ ಅಲ್ಪಾವಧಿ ಕೆಲಸ ಬಯಸುವವರಿಗೆ ಈ ನಿಯಮ ತೊಡಕಾಯಿತು. ಯುದ್ಧಾನಂತರದ ಬ್ರಿಟನ್ನಿನಲ್ಲಿ ಕಾರ್ಮಿಕರ ಕೊರತೆಯಿದ್ದುದರಿಂದ, ದುಡಿಮೆಯನ್ನು ಪ್ರೋತ್ಸಾಹಿಸಲು ರೂಪುಗೊಂಡ ಯೋಜನೆಯೇ ದುಡಿಮೆಗೆ ಅಡ್ಡಿಯಾಗುತ್ತಿದೆ ಎಂಬ ಟೀಕೆ ಎದುರಾಯಿತು.

ಕೊನೆಯ ವರ್ಷಗಳು

೧೯೪೪ರಲ್ಲಿ ಲಿಬರಲ್ ಪಕ್ಷದಿಂದ ಸಂಸತ್ತಿಗೆ ಆಯ್ಕೆಯಾದ ಬೆವರಿಜ್ ಮರುವರ್ಷದ ಚುನಾವಣೆಯಲ್ಲಿ ಸೋತರು. ೧೯೪೬ರಲ್ಲಿ ಮೇಲ್ಮನೆಯ ಸದಸ್ಯರಾದರು. ಎಪ್ಪತ್ತರ ಆಸುಪಾಸಿನಲ್ಲಿ ನ್ಯೂಟನ್ ಐಕ್ಲಿಫ್ ಎಂಬ ಹೊಸ ಪಟ್ಟಣದ ಅಭಿವೃದ್ಧಿ ನಿಗಮದ ಅಧ್ಯಕ್ಷರಾಗಿ ದುಡಿದರು. ೧೯೫೩ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದರು. ೧೯೬೩ರಲ್ಲಿ ಆಕ್ಸ್‌ಫರ್ಡಿನಲ್ಲಿ ನಿಧನರಾದಾಗ ಅವರಿಗೆ ೮೪ ವರ್ಷ ವಯಸ್ಸಾಗಿತ್ತು.

ಪರಿಣಾಮ

ಗಳಿಕೆಯ ಮಿತಿಯನ್ನು ಹಲವು ಬಾರಿ ಏರಿಸಿದ ನಂತರ, ೧೯೮೯ರಲ್ಲಿ ಗಳಿಕೆ ನಿಯಮವನ್ನೇ ರದ್ದುಪಡಿಸಲಾಯಿತು. ಅಂದಿನಿಂದ ಬ್ರಿಟನ್ನಿನಲ್ಲಿ ಪಿಂಚಣಿಯ ವಯಸ್ಸು ತಲುಪಿದವರು ಎಷ್ಟೇ ಗಳಿಸಿದರೂ ಸರ್ಕಾರಿ ಪಿಂಚಣಿ ಕಡಿತವಾಗುವುದಿಲ್ಲ. ಪಿಂಚಣಿಯನ್ನು ತಡವಾಗಿ ಪಡೆಯುವವರಿಗೆ ಹೆಚ್ಚಿನ ಮೊತ್ತ ನೀಡಬೇಕೆಂಬ ಬೆವರಿಜ್ ಅವರ ಕಲ್ಪನೆ ಮಾತ್ರ ಬದಲಾದ ರೂಪದಲ್ಲಿ ಉಳಿದುಕೊಂಡಿದೆ.