ನುಂಗಲಾಗದವರಿಗೂ ಆಹಾರದ ದಾರಿ ಹುಡುಕಿದ ಇಬ್ನ್ ಝುಹ್ರ್

ಮಧ್ಯಯುಗದ ಸ್ಪೇನ್ ಜಗತ್ತಿಗೆ ಕೊಟ್ಟ ಮಹಾನ್ ವೈದ್ಯರಲ್ಲಿ ಅಬೂ ಮರ್ವಾನ್ ಅಬ್ದುಲ್ ಮಲಿಕ್ ಇಬ್ನ್ ಝುಹ್ರ್ ಒಬ್ಬರು. ಯುರೋಪಿನವರು ಅವರನ್ನು ಅವೆನ್‌ಝೋರ್ ಎಂದು ಕರೆದರು. ಹನ್ನೊಂದನೇ ಶತಮಾನದ ಕೊನೆಯಲ್ಲಿ ಸೆವಿಲ್ಲೆ ನಗರದಲ್ಲಿ ಜನಿಸಿದ ಅವರ ತಂದೆಯೂ ತಾತನೂ ವೈದ್ಯರು. ಮುಂದೆ ಅವರ ಮಗ, ಮಗಳು ಮತ್ತು ಮೊಮ್ಮಗಳು ಕೂಡ ಇದೇ ವೃತ್ತಿಯಲ್ಲಿ ಹೆಸರು ಮಾಡಿದರು.

ಇಬ್ನ್ ಝುಹ್ರ್ ಅವರ ಬದುಕು ಸುಖದ ಹಾಸಿಗೆಯಾಗಿರಲಿಲ್ಲ. ದೊರೆ ಅಲಿ ಇಬ್ನ್ ಯೂಸುಫರ ಅವಕೃಪೆಗೆ ತುತ್ತಾಗಿ ಅವರು ಮರ್ರಾಕೇಶಿನಲ್ಲಿ ವರ್ಷಗಟ್ಟಲೆ ಸೆರೆವಾಸ ಅನುಭವಿಸಿದರು. 1147ರಲ್ಲಿ ಆಡಳಿತ ಬದಲಾದ ಬಳಿಕ ಸೆವಿಲ್ಲೆಗೆ ಮರಳಿ, ಹೊಸ ದೊರೆ ಅಬ್ದುಲ್ ಮುಅ್‌ಮಿನರ ವೈದ್ಯರಾದರು.

ಕೇಳಿದ್ದನ್ನೆಲ್ಲ ನಂಬದೆ ಪರೀಕ್ಷಿಸಿ ನೋಡುವುದು ಅವರ ಸ್ವಭಾವ. ಶ್ವಾಸನಾಳದ ಶಸ್ತ್ರಚಿಕಿತ್ಸೆಯನ್ನು ಮೊದಲು ಆಡಿನ ಮೇಲೆ ಮಾಡಿ, ಗಾಯ ಮಾಯುವುದನ್ನು ಕಣ್ಣಾರೆ ಕಂಡರು. ಅವರ ಪ್ರಸಿದ್ಧ ಗ್ರಂಥ 'ಅತ್ತೈಸೀರ್'. ಅದನ್ನು ಓದುವಂತೆ ತತ್ವಜ್ಞಾನಿ ಇಬ್ನ್ ರುಶ್ದ್ ತಮ್ಮ ಓದುಗರಿಗೆ ಶಿಫಾರಸು ಮಾಡಿದರು. 1490ರಲ್ಲಿ ಅದರ ಲ್ಯಾಟಿನ್ ಅನುವಾದ ವೆನಿಸ್‌ನಲ್ಲಿ ಅಚ್ಚಾಯಿತು.

ಈ ಗ್ರಂಥದಲ್ಲಿ ಅವರು ಒಂದು ಕಠಿಣ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ. ಅನ್ನನಾಳ ಕೆಟ್ಟು ಗುಟುಕು ನೀರೂ ಇಳಿಯದ ರೋಗಿಯನ್ನು ಹಸಿವಿನಿಂದ ಸಾಯಲು ಬಿಡಬೇಕೇ? ಅದಕ್ಕೆ ಅವರು ಮೂರು ಮಾರ್ಗಗಳನ್ನು ವಿವರಿಸಿದರು. ಗಂಟಲಿನೊಳಗೆ ಬೆಳ್ಳಿಯ ಇಲ್ಲವೆ ತವರದ ಕೊಳವೆ ಇಳಿಸಿ ಹಾಲು, ತೆಳು ಗಂಜಿ ಹೊಯ್ಯುವುದು ಮೊದಲನೆಯದು. ರೋಗಿಯನ್ನು ಹಾಲಿನಂಥ ದ್ರವದಲ್ಲಿ ಕೂರಿಸುವುದು ಎರಡನೆಯದು. ಇದರಲ್ಲಿ ಅವರಿಗೇ ಹೆಚ್ಚು ವಿಶ್ವಾಸವಿರಲಿಲ್ಲ. ಬಸ್ತಿಯ ಮೂಲಕ ಆಹಾರ ಕೊಡುವುದು ಮೂರನೆಯದು. ಅವರು ಮೆಚ್ಚಿದ್ದು ಇದನ್ನೇ. ಆದರೆ ದೊಡ್ಡ ಕರುಳು ನೀರು, ಲವಣಗಳನ್ನು ಹೀರುತ್ತದೆಯೇ ಹೊರತು ಸಾಕಷ್ಟು ಪೌಷ್ಟಿಕಾಂಶವನ್ನಲ್ಲ ಎಂದು ಮುಂದಿನ ವಿಜ್ಞಾನ ತೋರಿಸಿತು. ಉಳಿದು ಬೆಳೆದದ್ದು ಕೊಳವೆಯ ಮಾರ್ಗ. 1162ರಲ್ಲಿ ಇಬ್ನ್ ಝುಹ್ರ್ ಸೆವಿಲ್ಲೆಯಲ್ಲಿ ನಿಧನರಾದರು.

1921ರಲ್ಲಿ ಇಂಗ್ಲೆಂಡಿನ ಜಾನ್ ರೈಲ್ ರಬ್ಬರಿನ ತೆಳು ಕೊಳವೆಯನ್ನು ರೂಪಿಸಿದರು. ಅವರ ಹೆಸರಿನ ರೈಲ್ಸ್ ಟ್ಯೂಬ್ ಇಂದು ಮೂಗಿನ ಮೂಲಕ ಹೊಟ್ಟೆ ತಲುಪುತ್ತದೆ. ಕರುಳೇ ಕೆಲಸ ಮಾಡದವರಿಗೆ ರಕ್ತನಾಳದ ಮೂಲಕ ಪೂರ್ಣ ಪೋಷಣೆ ಕೊಡಬಹುದೆಂದು 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್ಲಿ ಡಡ್ರಿಕ್ ತೋರಿಸಿಕೊಟ್ಟರು.

ಕಡೂರು, ತರೀಕೆರೆ, ಅಜ್ಜಂಪುರದ ನಮ್ಮ ಮನೆಗಳಿಗೂ ಈ ವಿಷಯ ದೂರದ್ದಲ್ಲ. ಪಾರ್ಶ್ವವಾಯು ಅಥವಾ ಅಪಘಾತಕ್ಕೆ ತುತ್ತಾದವರನ್ನು ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಕರೆದೊಯ್ದಾಗ, ಪ್ರಜ್ಞೆಯಿಲ್ಲದವರ ಬಾಯಿಗೆ ಪ್ರೀತಿಯಿಂದ ನೀರು, ಎಳನೀರು ಹಾಕುವವರಿದ್ದಾರೆ. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಬಾಯಿಂದ ತಿನ್ನಲಾಗದ ತೀವ್ರ ರೋಗಿಗೆ, ಕರುಳು ಸರಿಯಿದ್ದು ರಕ್ತದೊತ್ತಡ ಸ್ಥಿರವಾಗಿದ್ದರೆ, ಸಾಮಾನ್ಯವಾಗಿ 24ರಿಂದ 48 ಗಂಟೆಗಳೊಳಗೆ ಕೊಳವೆಯ ಆಹಾರ ಆರಂಭಿಸುತ್ತಾರೆ. ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿ, ಸ್ವಲ್ಪದಿಂದ ಶುರುಮಾಡಿ ನಿಧಾನವಾಗಿ ಹೆಚ್ಚಿಸುತ್ತಾರೆ. ಬಹುಕಾಲ ಹಸಿದ ದೇಹಕ್ಕೆ ಒಮ್ಮೆಲೇ ತುಂಬಿದರೆ ರಕ್ತದ ಲವಣಗಳು ಏರುಪೇರಾಗುತ್ತವೆ. ಮೂಗಿನ ಕೊಳವೆ ಕಂಡು ಎಲ್ಲ ಮುಗಿಯಿತೆಂದು ಅಂಜಬೇಕಿಲ್ಲ, ಅದನ್ನು ಬೇಡವೆನ್ನಲೂ ಬಾರದು. ಆಹಾರ ಯಾವಾಗ, ಯಾವ ದಾರಿಯಲ್ಲಿ ಎಂದು ವೈದ್ಯರನ್ನು ಕೇಳುವುದು ಮನೆಯವರ ಹಕ್ಕು.

ಪ್ರಿಯ ವಿದ್ಯಾರ್ಥಿಗಳೇ, ವೈದ್ಯಕೀಯ, ನರ್ಸಿಂಗ್, ಆಹಾರ ಶಾಸ್ತ್ರ ಓದಬಯಸುವವರು ನಿಮ್ಮಲ್ಲಿ ಹಲವರಿರಬಹುದು. ಇಬ್ನ್ ಝುಹ್ರರ ಮೂರು ಉತ್ತರಗಳಲ್ಲಿ ಉಳಿದದ್ದು ಒಂದೇ. ಆದರೆ ಅವರು ಕೇಳಿದ ಪ್ರಶ್ನೆ ಇಂದಿಗೂ ಪ್ರತಿ ತುರ್ತು ನಿಗಾ ಘಟಕದಲ್ಲಿ ಜೀವಂತವಾಗಿದೆ.