ಅಂಗಿಯನ್ನೂ ಪಣಕ್ಕಿಟ್ಟ ಸಂತ

ಯುಗಾದಿ ಬಂತೆಂದರೆ ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಊರುಗಳಲ್ಲಿ ಇಸ್ಪೀಟೆಲೆ ಹೊರಬರುತ್ತದೆ. ಹಬ್ಬದ ಆಟ, ಒಂದು ದಿನದ ಮಾತು ಎನ್ನುತ್ತೇವೆ. ಕೆಲವರಿಗೆ ಅದು ಒಂದು ದಿನಕ್ಕೆ ನಿಲ್ಲುವುದಿಲ್ಲ. ರೇಷ್ಮೆಗೂಡು ಮಾರಿದ ಹಣ ಮನೆ ಸೇರುವ ಮೊದಲೇ ಅಂದರ್‌-ಬಾಹರ್‌ನಲ್ಲಿ ಕರಗಿಹೋಗುತ್ತದೆ. ಆಮೇಲಾಮೇಲೆ ತೋಪಿನ ಮರೆಯೂ ಬೇಡವಾಯಿತು, ಜೇಬಿನ ಮೊಬೈಲೇ ಅಡ್ಡೆಯಾಯಿತು. ಹಣ ಕಟ್ಟಿ ಆಡುವ ಅಂಥ ಆಟಗಳನ್ನು ನಿಷೇಧಿಸುವ ಕಾಯಿದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕಾಯಿದೆ ಬಂದ ಮಾತ್ರಕ್ಕೆ ಚಟ ಬಿಟ್ಟುಹೋಗುವುದಿಲ್ಲ ಎಂಬುದು ಮನೆಯವರಿಗೆ ಚೆನ್ನಾಗಿ ಗೊತ್ತು.

ಇಂಥ ಮನೆಯ ತಾಯಂದಿರು ಗುರುಗಳ ಬಳಿ ಬಂದು ಕೇಳುವುದು ಹೆಚ್ಚಾಗಿ ಒಂದೇ ಮಾತು: ಪೀಠದ ಮುಂದೆ ನಿಲ್ಲಿಸಿ ಇವನ ಕೈಲಿ ಆಣೆ ಮಾಡಿಸಬೇಕು. ಆಗೆಲ್ಲ ನನಗೆ ಸಂತ ಕಮಿಲ್ಲಸ್ ದೆ ಲೆಲ್ಲಿಸ್ ನೆನಪಾಗುತ್ತಾರೆ. ಎದೆಯ ಮೇಲೆ ಕೆಂಪು ಶಿಲುಬೆ ಧರಿಸಿ, ರೋಗಿಯನ್ನು ಆತುಕೊಂಡಿರುವ ಅವರ ಪಟವನ್ನು ಆಸ್ಪತ್ರೆಗಳಲ್ಲಿ ನೋಡಿದ್ದೀರಿ. ದೇವರಿಗೆ ಮಾತು ಕೊಟ್ಟು ತಪ್ಪಿದವರಲ್ಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ.

ಇಟಲಿಯ ಬುಕ್ಕಿಯಾನಿಕೋ ಎಂಬ ಊರಿನಲ್ಲಿ 1550ರ ಮೇ 25ರಂದು ಹುಟ್ಟಿದರು. ತಾಯಿಗೆ ಆಗಲೇ ವಯಸ್ಸಾಗಿತ್ತು, ಮಗ ಹನ್ನೆರಡು-ಹದಿಮೂರು ವರ್ಷದವನಿದ್ದಾಗ ತೀರಿಕೊಂಡಳು. ತಂದೆ ಸಿಪಾಯಿ, ಆತನಿಗೂ ಜೂಜಿನ ಗೀಳಿತ್ತು. ಆರೂವರೆ ಅಡಿ ಎತ್ತರ ಬೆಳೆದ ಮಗ ತಂದೆಯ ಹಿಂದೆ ಸೈನ್ಯಕ್ಕೆ ಹೊರಟ. ತಂದೆ ದಾರಿಯಲ್ಲೇ ಸತ್ತ. ಕಾಲಿನಲ್ಲಿ ಎದ್ದ ಹುಣ್ಣು, ಕೈಯಲ್ಲಿ ಇಸ್ಪೀಟೆಲೆ, ಇವೆರಡೇ ಕಮಿಲ್ಲಸರಿಗೆ ಉಳಿದ ಆಸ್ತಿ.

ಆ ದುಃಖದಲ್ಲಿ ಇಬ್ಬರು ಫ್ರಾನ್ಸಿಸ್ಕನ್ ಸನ್ಯಾಸಿಗಳನ್ನು ಕಂಡು, ತಾನೂ ಸನ್ಯಾಸಿಯಾಗುತ್ತೇನೆಂದು ಹರಕೆ ಹೊತ್ತರು. ಅದೇ ಸಭೆಯಲ್ಲಿದ್ದ ಸಂಬಂಧಿಕರೊಬ್ಬರ ಬಳಿ ಹೋದರೂ ಅವರು ಸೇರಿಸಿಕೊಳ್ಳಲಿಲ್ಲ. ಹರಕೆ ಅಲ್ಲಿಗೇ ನಿಂತಿತು. 1571ರಲ್ಲಿ ಹುಣ್ಣಿನ ಚಿಕಿತ್ಸೆಗೆಂದು ರೋಮಿನ ಸಂತ ಯಾಕೋಬರ ಆಸ್ಪತ್ರೆ ಸೇರಿ, ಅಲ್ಲೇ ಆಳಾಗಿ ದುಡಿದರು. ರೋಗಿಗಳನ್ನು ಬಿಟ್ಟು ದೋಣಿಯವರ ಜೊತೆ ಆಡಲು ಓಡಿಹೋಗುವುದು, ಸಣ್ಣ ಮಾತಿಗೂ ಜಗಳ. ಕೆಲವೇ ತಿಂಗಳಲ್ಲಿ ಆಸ್ಪತ್ರೆಯವರು ಹೊರಗೆ ಕಳಿಸಿದರು.

ಮತ್ತೆ ಸೈನ್ಯ. 1574ರಲ್ಲಿ ಹಡಗು ಬಿರುಗಾಳಿಗೆ ಸಿಕ್ಕಿತು. ಸಾವು ಎದುರಿಗೆ ಕಂಡಾಗ ಹಳೆಯ ಹರಕೆಯನ್ನು ಮತ್ತೊಮ್ಮೆ ಹೊತ್ತರು. ಜೀವ ಉಳಿಯಿತು. ನೇಪಲ್ಸ್‌ನಲ್ಲಿ ದಡ ಹತ್ತಿದ ಮೇಲೆ ಏನಾಯಿತು? ಕೂಡಿಟ್ಟ ಹಣ, ಕತ್ತಿ, ಬಂದೂಕು, ಕೊನೆಗೆ ಮೈಮೇಲಿನ ಅಂಗಿಯೂ ಜೂಜಿಗೆ ಹೋಯಿತು ಎಂದು ಅವರ ಚರಿತ್ರೆ ಹೇಳುತ್ತದೆ. ಆ ಹರಕೆ ಸುಳ್ಳಾಗಿತ್ತೆಂದು ನಾನು ನಂಬುವುದಿಲ್ಲ. ಬಿರುಗಾಳಿಯಲ್ಲಿ ಅವರು ಮನಸಾರೆಯೇ ಹೇಳಿದ್ದರು. ನಮ್ಮ ಮನೆಯವನೂ ಮಗುವಿನ ತಲೆ ಮುಟ್ಟಿ ಆಣೆ ಮಾಡುವಾಗ ಮನಸಾರೆಯೇ ಹೇಳುತ್ತಾನೆ. ನಾಲ್ಕನೆಯ ದಿನ ಎಲೆ ಕಲಸುವ ಸದ್ದು ಕೇಳಿದಾಗ ಆ ಆಣೆ ಒಂಟಿಯಾಗಿರುತ್ತದೆ.

ಮುಂದೆ ಮನ್‌ಫ್ರೆದೋನಿಯಾ ಎಂಬ ಪಟ್ಟಣದ ಚರ್ಚಿನ ಬಾಗಿಲಲ್ಲಿ ಈ ಎತ್ತರದ ಸಿಪಾಯಿ ಭಿಕ್ಷೆಗೆ ನಿಂತರು. ಕಂಡವರೊಬ್ಬರು ದುಡ್ಡಿನ ಬದಲು ಕೆಲಸ ಕೊಡಿಸಿದರು. ಕಪುಚಿನ್ ಸನ್ಯಾಸಿಗಳು ಮಠ ಕಟ್ಟಿಸುತ್ತಿದ್ದರು, ಕತ್ತೆಯ ಮೇಲೆ ಸಾಮಾನು ಹೊರಿಸಿ ತರುವ ಕೂಲಿ. ಹಾಗೆ ಬೇರೊಂದು ಮಠಕ್ಕೆ ಹೋಗಿದ್ದಾಗ ಅಲ್ಲಿನ ಹಿರಿಯರು ಕೂರಿಸಿಕೊಂಡು ಮಾತನಾಡಿದರು. ಮರುದಿನ, 1575ರ ಫೆಬ್ರುವರಿ 2, ಪ್ರಭುವಿನ ಸಮರ್ಪಣೆಯ ಹಬ್ಬ. ಹಿಂದಿರುಗುವ ದಾರಿಯಲ್ಲಿ ಕತ್ತೆಯಿಂದಿಳಿದು ನೆಲಕ್ಕೆ ಬಿದ್ದು ಅತ್ತರು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆಂದವಿತ್ತು. ಕಪುಚಿನ್ ಸಭೆ ಸೇರಿದರು, ನಿಲುವಂಗಿ ಉಜ್ಜಿ ಕಾಲಿನ ಹುಣ್ಣು ಬಿರಿಯಿತು, ಹೊರಗೆ ಕಳಿಸಿದರು. ವಾಸಿಯಾಯಿತೆಂದು ಮತ್ತೆ ಹೋದರು, ಮತ್ತೆ ಹಿಂದಕ್ಕೆ ಬಂದರು. ಎರಡು ಸಲವೂ ಅವರಿಗೆ ಬಾಗಿಲು ತೆರೆದದ್ದು ಜೂಜಿನ ದೆಸೆಯಿಂದ ಹಿಂದೆ ಓಡಿಸಿದ್ದ ಅದೇ ಆಸ್ಪತ್ರೆ. ಈ ಸಲ ಅವರ ದಿನ ಖಾಲಿಯಿರಲಿಲ್ಲ: ಬೆಳಗಿನಿಂದ ರಾತ್ರಿಯವರೆಗೆ ರೋಗಿಗಳು, ಪಾಪನಿವೇದನೆ ಕೇಳಲು ಸಂತ ಫಿಲಿಪ್ ನೇರಿಯವರಂಥ ಗುರುಗಳು. ಎಲೆ ಆಡಲು ಓಡಿಹೋಗುತ್ತಿದ್ದ ಆಳು ಅದೇ ಆಸ್ಪತ್ರೆಯ ಮೇಲ್ವಿಚಾರಕರಾದರು.

ಗೀಳಿನ ಜೂಜನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲೇ ಇಟ್ಟಿದೆ. ಅದನ್ನು ಕಾಯಿಲೆ ಎಂದರೆ ಪಾಪಕ್ಕೆ ರಿಯಾಯಿತಿ ಕೊಟ್ಟಂತಲ್ಲವೇ ಎಂದು ಕೆಲವರು ಕೇಳುವುದುಂಟು. ಹುಣ್ಣಿಗೆ ವೈದ್ಯರ ಬಳಿ ಹೋದ ಕಮಿಲ್ಲಸರು ಪಾಪನಿವೇದನೆಯನ್ನು ಬಿಡಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಗಳಿಗೆಂದೇ ಚಿಕಿತ್ಸೆಯಿದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸೇವೆಯವರು ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ. ಆಡುವವನು ಒಪ್ಪದಿದ್ದರೆ ಹೆಂಡತಿಯೇ ಮೊದಲು ಫೋನ್ ಮಾಡಬಹುದು. ಸಾಲಗಾರರಿಗೆ ಗುಟ್ಟಾಗಿ ಹಣ ಕಟ್ಟುತ್ತಾ ಹೋಗುವುದಕ್ಕಿಂತ ಅದು ಮೇಲು.

ಮೂವತ್ತು ದಾಟಿದ ಮೇಲೆ ಕಮಿಲ್ಲಸರು ಚಿಕ್ಕ ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಲತೀನ್ ಕಲಿತು, 1584ರಲ್ಲಿ ಗುರುದೀಕ್ಷೆ ಪಡೆದರು. ರೋಗಿಗಳ ಸೇವೆಗೆ ಅವರು ಕಟ್ಟಿದ ಸಂಘಕ್ಕೆ 1586ರಲ್ಲಿ ಜಗದ್ಗುರುಗಳ ಒಪ್ಪಿಗೆಯೂ ಕೆಂಪು ಶಿಲುಬೆಯೂ ದೊರೆತವು. ಪ್ರಾಣಾಪಾಯವಿದ್ದರೂ ರೋಗಿಯನ್ನು ಬಿಡುವುದಿಲ್ಲ ಎಂಬುದು ಆ ಸಭೆಯವರ ನಾಲ್ಕನೆಯ ವ್ರತ. ಪ್ಲೇಗಿನ ರೋಗಿಗಳ ಸೇವೆಯಲ್ಲಿ ಹಲವರು ಆ ವ್ರತದಂತೆಯೇ ಸತ್ತರು. ಅದೇ ಸಭೆಯವರು ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ 1990ರ ದಶಕದಲ್ಲಿ ಎಚ್‌ಐವಿ ಪೀಡಿತರಿಗಾಗಿ ಸ್ನೇಹದಾನವನ್ನು ತೆರೆದರು.

ಕಮಿಲ್ಲಸರು ರೋಮಿನಲ್ಲಿ 1614ರ ಜುಲೈ 14ರಂದು ತೀರಿಕೊಂಡರು. ಕಾಲಿನ ಹುಣ್ಣು ಕೊನೆಯವರೆಗೂ ಮಾಯಲಿಲ್ಲ. ಕಡೆಯ ವರ್ಷಗಳಲ್ಲಿ ನಿಲ್ಲಲಾಗದೆ ಹೋದಾಗಲೂ ಹಾಸಿಗೆಯಿಂದ ಹಾಸಿಗೆಗೆ ಹೋಗಿ ರೋಗಿಗಳನ್ನು ವಿಚಾರಿಸಿಕೊಳ್ಳುತ್ತಿದ್ದರು.