ಸಂಗೊಳ್ಳಿ ರಾಯಣ್ಣ: ಸನದು ಕಳೆದುಕೊಂಡ ಸಿಪಾಯಿಯ ಎರಡನೆಯ ನಿರ್ಧಾರ

ಬೈಲಹೊಂಗಲ: ಸೇನಾ ಭರ್ತಿಯ ಪ್ರಕಟಣೆ ಹೊರಬಿತ್ತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳ್ಳಿಗಳಲ್ಲಿ ನಸುಕಿನ ಓಟ ಆರಂಭವಾಗುತ್ತದೆ. 1.6 ಕಿ.ಮೀ. ದೂರವನ್ನು ನಿಗದಿತ ಸಮಯದೊಳಗೆ ಓಡಿ ಮುಗಿಸಬೇಕು, ಎದೆಯ ಸುತ್ತಳತೆ ಸಾಲಬೇಕು, ಲಿಖಿತ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಘೋಷಣೆಯಾದ ಬಳಿಕ ಮನೆಮಂದಿಯ ಲೆಕ್ಕಾಚಾರಕ್ಕೆ ಇನ್ನೊಂದು ಅಂಶ ಸೇರಿಕೊಂಡಿದೆ. ಸೇವೆ ನಾಲ್ಕು ವರ್ಷಗಳದ್ದು. ಅನಂತರ ಕಾಯಂ ಆಗಿ ಉಳಿಯುವವರು ಹೆಚ್ಚೆಂದರೆ ಶೇ 25 ಮಂದಿ. ಹೊಲ ನೋಡಿಕೊಳ್ಳುವವರು ಯಾರು, ಮರಳಿ ಬಂದ ಮೇಲೆ ಮುಂದೇನು ಎಂಬ ಮಾತು ಅಂಗಳದಲ್ಲಿ ಕುಳಿತವರ ನಡುವೆ ಬಂದೇ ಬರುತ್ತದೆ.

ಹೊಲ ಮತ್ತು ಬಂದೂಕಿನ ನಡುವಿನ ಈ ಪ್ರಶ್ನೆ ಈ ನೆಲಕ್ಕೆ ಹೊಸತಲ್ಲ. ಸುಮಾರು ಇನ್ನೂರು ವರ್ಷಗಳ ಹಿಂದೆ ಇದೇ ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ಕಾಲಾಳೊಬ್ಬ ಅದನ್ನು ಎದುರಿಸಿದ. ಅವನ ಮುಂದೆ ಭರ್ತಿಯ ಪ್ರಕಟಣೆ ಇರಲಿಲ್ಲ, ಸಂಬಳದ ಭರವಸೆ ಇರಲಿಲ್ಲ, ಅಷ್ಟೇಕೆ, ಸೇರಿಕೊಳ್ಳಲು ಒಂದು ಸೈನ್ಯವೇ ಉಳಿದಿರಲಿಲ್ಲ.

ಸಂಗೊಳ್ಳಿ ರಾಯಣ್ಣನ ಕಥೆಯನ್ನು ನಾಡು ಸಾಮಾನ್ಯವಾಗಿ ಕೊನೆಯಿಂದ ನೆನೆಯುತ್ತದೆ. ಅವನ ಜನ್ಮದಿನವೆಂದು ಆಚರಿಸುವುದು ಆಗಸ್ಟ್ 15ನ್ನು. ಗಲ್ಲಿಗೇರಿದ್ದು ಜನವರಿ 26ರಂದು. ಮುಂದೆ ರಾಷ್ಟ್ರದ ಎರಡು ದೊಡ್ಡ ದಿನಗಳಾದ ಈ ತಾರೀಖುಗಳ ಕಾಕತಾಳೀಯತೆ ಪ್ರತಿ ವರ್ಷ ಭಾಷಣಗಳಿಗೆ ಒದಗಿಬರುತ್ತದೆ. ಆದರೆ ಆತ ಯಾವ ಬಗೆಯ ಸೈನಿಕನಾಗಿದ್ದ ಎಂಬುದನ್ನು ತಿಳಿಯದೆ ಆತನ ನಿರ್ಧಾರದ ತೂಕ ತಿಳಿಯುವುದಿಲ್ಲ.

ರಾಯಣ್ಣ ಕಿತ್ತೂರು ಸಂಸ್ಥಾನದ ಶೇತಸನದಿ. ಶೇತ ಎಂದರೆ ಹೊಲ, ಸನದು ಎಂದರೆ ಅರಸನ ಮುದ್ರೆಯಿದ್ದ ಪತ್ರ. ಸಂಸ್ಥಾನವು ಇಂಥ ಸಿಪಾಯಿಗಳಿಗೆ ತಿಂಗಳ ಸಂಬಳ ಎಣಿಸುತ್ತಿರಲಿಲ್ಲ. ಬದಲಾಗಿ ಊರಿನಲ್ಲಿ ಭೂಮಿ ಬಿಟ್ಟುಕೊಡುತ್ತಿತ್ತು. ಶಾಂತಿಯ ದಿನಗಳಲ್ಲಿ ಅವರು ಉಳುಮೆ ಮಾಡಬೇಕು, ಊರ ಕಾವಲು ಕಾಯಬೇಕು, ಕಂದಾಯ ವಸೂಲಿಗೆ ನೆರವಾಗಬೇಕು. ಕೋಟೆಯಿಂದ ಕರೆ ಬಂದಾಗ ಕತ್ತಿ, ಬಂದೂಕು ಹಿಡಿದು ಹೊರಡಬೇಕು. ಹೊಲವೇ ಅವರ ಪಗಾರ, ಸೇವೆಯೇ ಆ ಹೊಲದ ತೆರಿಗೆ. ಸಿಪಾಯಿತನವು ಭೂಮಿಯೊಡನೆ ತಂದೆಯಿಂದ ಮಗನಿಗೆ ಇಳಿದು ಬರುತ್ತಿತ್ತು. ರಾಯಣ್ಣನ ತಂದೆ ಭರಮಪ್ಪ, ತಾಯಿ ಕೆಂಚವ್ವ. ಹುಲಿಯನ್ನು ಕೊಂದ ಪರಾಕ್ರಮಕ್ಕಾಗಿ ದೊರೆ ಮಲ್ಲಸರ್ಜನು ಭರಮಪ್ಪನಿಗೆ ರಕ್ತಮಾನ್ಯದ ಹೊಲ ಕೊಟ್ಟನೆಂದು ಲಾವಣಿಕಾರರು ಹಾಡುತ್ತ ಬಂದಿದ್ದಾರೆ. ಹೀಗಾಗಿ ರಾಯಣ್ಣನ ಮೊದಲ ಸೈನಿಕ ಸೇವೆ ಅವನು ಆರಿಸಿಕೊಂಡದ್ದು ಎನ್ನುವಂತಿಲ್ಲ. ಅದು ಹುಟ್ಟಿನಿಂದಲೇ ಬಂದದ್ದು. ಇಂದು ಕೆಲವೆಡೆ ಅವನನ್ನು ಕುದುರೆಯ ಮೇಲೆ ಕೂರಿಸಲಾಗಿದೆ, ಸೇನಾಪತಿ ಎಂದೂ ಕರೆಯಲಾಗಿದೆ. ಅಭಿಮಾನದ ಮಾತು ಬೇರೆ. ಆತ ಊರಿನ ಹೊಲದಿಂದ ಎದ್ದು ಬಂದ ಕಾಲಾಳು ಎಂಬುದರಲ್ಲಿಯೇ ಆತನ ಹಿರಿಮೆ ಇದೆ ಎಂಬುದು ಈ ವರದಿಗಾರನ ಅಭಿಪ್ರಾಯ.

1824ರ ಸೆಪ್ಟೆಂಬರ್‌ನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡನು. ಮರಣಕ್ಕೆ ಮುನ್ನ ಮಾಸ್ತಮರಡಿಯ ಗೌಡರ ಮನೆತನದ ಬಾಲಕ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಳ್ಳಲಾಗಿತ್ತು. ಧಾರವಾಡದ ಕಲೆಕ್ಟರ್ ಹಾಗೂ ಪೊಲಿಟಿಕಲ್ ಏಜೆಂಟ್ ಸೇಂಟ್ ಜಾನ್ ಥ್ಯಾಕರೆ ಈ ದತ್ತಕವನ್ನು ಒಪ್ಪಲಿಲ್ಲ. (ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ತಂದೆಗೆ ಈತ ಸಹೋದರ.) ಡಾಲ್‌ಹೌಸಿಯು ಗವರ್ನರ್ ಜನರಲ್ ಆಗಿ ಬಂದು ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿಯನ್ನು ದೇಶದ ಮೇಲೆ ಹೇರಿದ್ದು 1848ರ ನಂತರ. ಕಿತ್ತೂರು ಅದರ ರುಚಿಯನ್ನು ಎರಡು ದಶಕಗಳಿಗೂ ಮೊದಲೇ ಕಂಡಿತ್ತು.

ಥ್ಯಾಕರೆ ಖಜಾನೆಗೆ ಮೊಹರು ಹಾಕಿಸಿದನು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆಯದಿದ್ದರೆ ತೋಪಿನಿಂದ ಒಡೆಯುವುದಾಗಿ ಬೆದರಿಸಿದನು. ಬಾಗಿಲೇನೋ ತೆರೆಯಿತು, ಆದರೆ ಹೊರಗೆ ನುಗ್ಗಿದ್ದು ರಾಣಿ ಚನ್ನಮ್ಮನ ಸಿಪಾಯಿಗಳು. ಥ್ಯಾಕರೆ ಹಾಗೂ ಆತನ ಜತೆಗಿದ್ದ ಸೇನಾಧಿಕಾರಿಗಳು ಹತರಾದರು. ಕಲೆಕ್ಟರನನ್ನು ಉರುಳಿಸಿದ್ದು ಅಮಟೂರು ಬಾಳಪ್ಪನ ಗುಂಡು ಎಂದು ಈ ಭಾಗದ ಜನ ಇಂದಿಗೂ ಹೇಳುತ್ತಾರೆ. ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಯಾದರು. ಕಂಪನಿ ಸರ್ಕಾರ ದೊಡ್ಡ ಸೈನ್ಯದೊಡನೆ ಮರಳಿ ಬಂದು ಡಿಸೆಂಬರ್ 5ರ ಹೊತ್ತಿಗೆ ಕೋಟೆಯನ್ನು ವಶಪಡಿಸಿಕೊಂಡಿತು. ಚನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆ ಇಡಲಾಯಿತು. ಹೋರಾಟದಲ್ಲಿ ಪಾಲ್ಗೊಂಡಿದ್ದ ರಾಯಣ್ಣನೂ ಬಂಧಿತನಾದ.

ಕ್ಷಮಾದಾನದ ನಂತರ

1826ರಲ್ಲಿ ಕಂಪನಿ ಸರ್ಕಾರ ಕಿತ್ತೂರಿನ ಬಂಡುಕೋರರಿಗೆ ಸಾಮಾನ್ಯ ಕ್ಷಮಾದಾನ ನೀಡಿತು. ರಾಯಣ್ಣ ಬಿಡುಗಡೆಗೊಂಡು ಸಂಗೊಳ್ಳಿಗೆ ಮರಳಿದ. ಅವನ ಬದುಕಿನಲ್ಲಿ ಲಾವಣಿಗಳು ಬೇಗ ದಾಟಿಹೋಗುವ, ಆದರೆ ನಿಂತು ನೋಡಬೇಕಾದ ಅವಧಿ ಇದು. ಬಿಡುಗಡೆಯಿಂದ ಬಂಡಾಯದವರೆಗೆ ಮೂರು ವರ್ಷಗಳಿಗೂ ಹೆಚ್ಚಿನ ಕಾಲವಿದೆ. ಸಿಟ್ಟಿನ ಭರದಲ್ಲಿ ಕತ್ತಿ ಎತ್ತಿದವನಲ್ಲ ಎಂಬುದಕ್ಕೆ ಈ ಅವಧಿಯೇ ಸಾಕ್ಷಿ.

ಊರಿಗೆ ಬಂದವನ ಮುಂದೆ ಇದ್ದ ದಾರಿಗಳನ್ನು ಎಣಿಸಿ ನೋಡಬಹುದು. ಹೊಸ ಸರ್ಕಾರಕ್ಕೆ ಶೇತಸನದಿಗಳ ಅಗತ್ಯವಿರಲಿಲ್ಲ. ಅದಕ್ಕೆ ಕವಾಯತು ಕಲಿತ, ಸಮವಸ್ತ್ರ ತೊಟ್ಟ, ಸಂಬಳಕ್ಕೆ ದುಡಿಯುವ ಸಿಪಾಯಿಗಳಿದ್ದರು. ಸೇವೆ ಬೇಡವೆಂದ ಮೇಲೆ ಸೇವೆಗಾಗಿ ಕೊಟ್ಟ ಭೂಮಿ ಏಕೆ ಎಂಬುದು ಕಂದಾಯ ಇಲಾಖೆಯ ತರ್ಕ. ರಾಯಣ್ಣನ ಇನಾಮು ಹೊಲದಲ್ಲಿ ಬಹುಪಾಲು ಸರ್ಕಾರದ ವಶವಾಯಿತು. ಉಳಿದದ್ದಕ್ಕೆ ಭಾರವಾದ ಕಂದಾಯ ಬಿತ್ತು. ಬಾಕಿಯ ನೆಪದಲ್ಲಿ ಕುಲಕರ್ಣಿಯು ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೊರಿಸಿ ಅವಮಾನಿಸಿದನೆಂಬ ಪ್ರಸಂಗ ಲಾವಣಿಗಳಲ್ಲಿದೆ. ಅದು ನಡೆದದ್ದೋ, ಸಾವಿರಾರು ಮನೆಗಳ ನೋವು ಒಂದು ಚಿತ್ರವಾಗಿ ಮೂಡಿದ್ದೋ, ಅದನ್ನು ಕೇಳಿದ ಜನರಿಗೆ ಅಪರಿಚಿತವೆನಿಸಲಿಲ್ಲ ಎಂಬುದಂತೂ ನಿಜ.

ಒಂದು ದಾರಿ, ಸುಮ್ಮನೆ ಕಂದಾಯ ಕಟ್ಟಿ ಉಳಿದ ತುಂಡು ನೆಲವನ್ನು ಉತ್ತು ಬದುಕುವುದು. ಬಹಳ ಮಂದಿ ಹಿಡಿದದ್ದು ಅದನ್ನೇ, ಅವರನ್ನು ಹಳಿಯುವಂತಿಲ್ಲ. ಇನ್ನೊಂದು ದಾರಿ, ಕಂಪನಿಯ ಪಲಟಣಿಗೆ ಸೇರುವುದು. ಕಂಪನಿಯ ಸಿಪಾಯಿಗೆ ತಿಂಗಳಿಗೆ ಸುಮಾರು 7 ರೂಪಾಯಿ ಪಗಾರವಿದ್ದ ಕಾಲ ಅದು. ಇಂದು ಬೆಳಗಾವಿಯಲ್ಲಿ ತರಬೇತಿ ಕೇಂದ್ರ ಹೊಂದಿರುವ ಮರಾಠಾ ಲಘು ಪದಾತಿ ದಳದ ಅತ್ಯಂತ ಹಳೆಯ ಪಲಟಣಿಯೂ 1768ರಲ್ಲಿ ಮುಂಬಯಿಯ ಕಂಪನಿ ಸೇನೆಯಲ್ಲಿ ಹುಟ್ಟಿದ್ದೇ ಆಗಿದೆ. ಕೆಲಸ ಬಲ್ಲ ಕಾಲಾಳಿಗೆ ಬೇರೆ ಧಣಿ ಸಿಗುವುದು ಆ ಕಾಲದಲ್ಲಿ ಅಸಾಧ್ಯವಾಗಿರಲಿಲ್ಲ.

ಮೂರನೆಯ ದಾರಿಯಲ್ಲಿ ಗಳಿಕೆ ಎಂಬುದೇ ಇರಲಿಲ್ಲ. ಕ್ಷಮಾದಾನ ಪಡೆದವನು ಮತ್ತೆ ಸಿಕ್ಕಿಬಿದ್ದರೆ ಏನಾಗುವುದೆಂದು ಹೇಳಬೇಕಿರಲಿಲ್ಲ. ಕೋಟೆ ಹೋಗಿತ್ತು. ಕರೆ ಕಳುಹಿಸಬೇಕಾದ ರಾಣಿ ಸೆರೆಯಲ್ಲಿದ್ದಳು. ಮಾರುವೇಷದಲ್ಲಿ ಹೋಗಿ ಆಕೆಯನ್ನು ರಾಯಣ್ಣ ಕಾಣುತ್ತಿದ್ದನೆಂಬ ಪ್ರತೀತಿ ಬೈಲಹೊಂಗಲದಲ್ಲಿದೆ. 1829ರ ಫೆಬ್ರುವರಿಯಲ್ಲಿ ಚನ್ನಮ್ಮ ಸೆರೆಯಲ್ಲೇ ಕೊನೆಯುಸಿರೆಳೆದಳು. ಆಕೆಯ ಸಮಾಧಿ ಬೈಲಹೊಂಗಲದಲ್ಲಿಯೇ ಇದೆ.

ರಾಣಿಯ ಸಾವಿನೊಂದಿಗೆ ಹಳೆಯ ಕರಾರು ಕೊನೆಗೊಂಡಿತೆಂದು ಯಾರಾದರೂ ಹೇಳಬಹುದಿತ್ತು. ಸನದು ಕೊಟ್ಟ ಅರಸರಿಲ್ಲ, ಸನದಿನ ಹೊಲವೂ ಇಲ್ಲ. ಹಾಗಾದರೆ ಸೇವೆಯ ಋಣವೂ ಇಲ್ಲ. ರಾಯಣ್ಣ ಅದೇ ವರ್ಷದ ಕೊನೆಯ ಹೊತ್ತಿಗೆ ಜನ ಕೂಡಿಸತೊಡಗಿದ. ಈ ಬಾರಿ ಸಿಪಾಯಿತನ ಅವನಿಗೆ ಯಾರೂ ಕೊಟ್ಟದ್ದಲ್ಲ, ಹುಟ್ಟಿನಿಂದ ಬಂದದ್ದೂ ಅಲ್ಲ. ತಾನೇ ಬರೆಸಿಕೊಂಡದ್ದು.

ಬೀಡಿ ಕಚೇರಿಗೆ ಬೆಂಕಿ

ಅವನ ಸುತ್ತ ನೆರೆದವರೂ ಬಹುತೇಕ ಅಂಥವರೇ: ಹೊಲ ಕಳೆದುಕೊಂಡ ಶೇತಸನದಿಗಳು, ಕಂದಾಯದ ಹೊರೆಗೆ ಬಸವಳಿದ ರೈತರು, ಕಾಡಂಚಿನ ಜನ. ಜತೆಗಾರರಲ್ಲಿ ಸಿದ್ದಿ ಸಮುದಾಯದ ಗಜವೀರನ ಹೆಸರನ್ನು ಜನಪದರು ಮರೆತಿಲ್ಲ. ದತ್ತುಪುತ್ರ ಶಿವಲಿಂಗಪ್ಪನನ್ನು ಗದ್ದುಗೆಗೆ ಮರಳಿಸುವುದು ಘೋಷಿತ ಗುರಿಯಾಗಿತ್ತು. ಒಂದು ಸಣ್ಣ ದಂಡಿನ ಕೈಯಲ್ಲಿ ಅದು ಆಗುವ ಮಾತೇ ಎಂಬ ಸಂಶಯ ಅಂದೂ ಇದ್ದಿರಬೇಕು.

1830ರ ಜನವರಿಯಲ್ಲಿ ಬೀಡಿಯ ಸರ್ಕಾರಿ ಕಚೇರಿ ಸುಟ್ಟಿತು. ನಂದಗಡ, ಖಾನಾಪುರ, ಸಂಪಗಾಂವ ಭಾಗಗಳಲ್ಲಿ ಒಂದರ ಹಿಂದೊಂದು ದಾಳಿ ನಡೆದವು. ಬ್ರಿಟಿಷರ ಕಾಲದಲ್ಲಿ ಬೈಲಹೊಂಗಲ ಸೀಮೆಗೆ ಸಂಪಗಾಂವ ತಾಲ್ಲೂಕು ಎಂದೇ ಹೆಸರಿತ್ತು. ಈ ದಾಳಿಗಳ ಗುರಿಯನ್ನು ಗಮನಿಸಬೇಕು. ಕೋಟೆಗಳಲ್ಲ, ದಂಡಿನ ಠಾಣ್ಯಗಳಿಗಿಂತಲೂ ಹೆಚ್ಚಾಗಿ ಕಚೇರಿಗಳು, ಕಂದಾಯದ ಕಾಗದಪತ್ರಗಳು, ಖಜಾನೆಗಳು. ಒಂದು ಕಾಗದದ ಬಲದಿಂದ ಬದುಕಿದ್ದು, ಇನ್ನೊಂದು ಕಾಗದದ ಬಲದಿಂದ ಬೀದಿಗೆ ಬಿದ್ದವರಿಗೆ ಶತ್ರು ಎಲ್ಲಿ ಕುಳಿತಿದ್ದಾನೆಂಬುದು ಸ್ಪಷ್ಟವಾಗಿಯೇ ತಿಳಿದಿತ್ತು. ಕಂದಾಯದ ಭಾರ ಹೊತ್ತವರ ಊಟೋಪಚಾರ, ಆಶ್ರಯ ಬಂಡುಕೋರರಿಗೆ ದೊರೆಯಿತು. ಕಂಪನಿ ಪರ ನಿಂತ ಶ್ರೀಮಂತರಿಂದ ವಸೂಲಿಯೂ ನಡೆಯಿತು. ಬಯಲಿನಲ್ಲಿ ಎದುರುಬದುರಾಗಿ ನಿಲ್ಲದೆ, ಹೊಡೆದು ಖಾನಾಪುರ ಸೀಮೆಯ ಕಾಡಿಗೆ ಸರಿಯುವುದು ಅವರ ರೀತಿ. ಊರ ಕಾವಲು ಕಾದವರಿಗೆ ಹಳ್ಳ, ಕಣಿವೆ, ಕಾಲುದಾರಿ ಎಲ್ಲವೂ ಪರಿಚಿತ. ಕವಾಯತಿನ ಪಲಟಣಿಗೆ ಅದು ಸಾಧ್ಯವಿರಲಿಲ್ಲ.

ದಂಡಿನಿಂದ ಆಗದ್ದನ್ನು ಕಂಪನಿ ಬೇರೆ ಉಪಾಯದಿಂದ ಸಾಧಿಸಿತು. ಖೋದಾನಪುರದ ಲಿಂಗನಗೌಡ, ನೇಗಿನಹಾಳದ ವೆಂಕನಗೌಡರ ಹೆಸರುಗಳು ಈ ಸೀಮೆಯಲ್ಲಿ ದ್ರೋಹದ ಹೆಸರುಗಳಾಗಿ ಉಳಿದಿವೆ. ಅವರ ಕಡೆಯವರು ನಂಬಿಗಸ್ತರಾಗಿ ರಾಯಣ್ಣನ ದಂಡನ್ನು ಸೇರಿಕೊಂಡರು ಎನ್ನಲಾಗಿದೆ. ಇಲ್ಲಿಯೂ ಒಂದು ವಿಪರ್ಯಾಸವಿದೆ: ಸಂಬಳವಿಲ್ಲದ ಈ ಸೈನ್ಯಕ್ಕೆ ಸೇರುವವರನ್ನು ತೂಗಿ ನೋಡುವ ಭರ್ತಿ ಪರೀಕ್ಷೆ ಯಾವುದೂ ಇರಲಿಲ್ಲ. ಬಂದು ನಿಂತವನನ್ನು ನಂಬುವುದೊಂದೇ ಉಪಾಯ. 1830ರ ಏಪ್ರಿಲ್‌ನಲ್ಲಿ, ಅಳ್ನಾವರ ಸಮೀಪದ ಡೋರಿ-ಬೆಣಚಿಯ ಹಳ್ಳದಲ್ಲಿ ಸ್ನಾನಕ್ಕಿಳಿದು ಕೈಯಲ್ಲಿ ಆಯುಧವಿಲ್ಲದ ಹೊತ್ತಿನಲ್ಲಿ ರಾಯಣ್ಣನನ್ನು ಹಿಡಿಯಲಾಯಿತು.

ವಿಚಾರಣೆಯ ಬಳಿಕ 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಆಲದ ಮರಕ್ಕೆ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ಜತೆಗಾರರಲ್ಲಿ ಕೆಲವರಿಗೆ ಗಲ್ಲು, ಕೆಲವರಿಗೆ ಸಮುದ್ರದಾಚೆಗೆ ಗಡೀಪಾರು. ಬಂಡಾಯಕ್ಕೆ ಎಷ್ಟು ಮಂದಿ ಸೇರಿದ್ದರೋ ಅಷ್ಟು ಮನೆಗಳೂ ಅದರ ಬೆಲೆ ತೆತ್ತವು. ಆ ಮನೆಗಳ ಹೆಸರುಗಳು ಲಾವಣಿಗಳಲ್ಲಿ ಹೆಚ್ಚಾಗಿ ಬರುವುದಿಲ್ಲ.

ಇಪ್ಪತ್ತೇಳು ವರ್ಷಗಳ ನಂತರ ಮಲಪ್ರಭೆಯ ಕೆಳಹರಿವಿನಲ್ಲಿ ಇದೇ ಕಥೆಯ ಇನ್ನೊಂದು ಅಧ್ಯಾಯ ನಡೆಯಿತು. ದತ್ತಕಕ್ಕೆ ಒಪ್ಪಿಗೆ ಸಿಗದೆ ಕುದಿಯುತ್ತಿದ್ದ ನರಗುಂದದ ಬಾಬಾಸಾಹೇಬನ ಕಡೆಯವರು 1858ರ ಮೇ ತಿಂಗಳ ಕೊನೆಯಲ್ಲಿ, ಇಂದಿನ ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ರಾಮದುರ್ಗದ ಒಡೆಯ ಬಾಬಾಸಾಹೇಬನ ಸಹೋದರನೇ ಆಗಿದ್ದರೂ ಬ್ರಿಟಿಷರ ಪರ ಉಳಿದನು. ಒಂದೇ ಮನೆಯಲ್ಲಿ ಎರಡು ನಿರ್ಧಾರ. ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು; ರಾಮದುರ್ಗ ಸಂಸ್ಥಾನ ಸ್ವಾತಂತ್ರ್ಯದವರೆಗೂ ಬಾಳಿತು.

ಬೆಂಗಳೂರಿನ ನಗರ ರೈಲು ನಿಲ್ದಾಣಕ್ಕೆ ಈಗ ರಾಯಣ್ಣನ ಹೆಸರಿದೆ. 2012ರಲ್ಲಿ ಅವನ ಕುರಿತ ಚಲನಚಿತ್ರ ಬಂದು ಜನಮನ್ನಣೆ ಪಡೆಯಿತು. ಸಂಗೊಳ್ಳಿಯಲ್ಲಿ ಅವನ ಹೆಸರಿನ ಸೈನಿಕ ಶಾಲೆ ನಡೆಯುತ್ತಿದೆ. ಇನಾಮು ಹೊಲ ಕಸಿದುಕೊಂಡ ಸರ್ಕಾರ ಅವನನ್ನು ಹಿಡಿದುಕೊಟ್ಟವರಿಗೆ ಭೂಮಿಯನ್ನೇ ಇನಾಮಾಗಿ ಕೊಟ್ಟಿತೆಂಬ ಮಾತನ್ನು ಹಿರಿಯರು ಈಗಲೂ ಹೇಳುತ್ತಾರೆ. ನಂದಗಡದ ಆಲದ ಮರಕ್ಕೆ ಮಕ್ಕಳಿಲ್ಲದ ಹೆಣ್ಣುಮಕ್ಕಳು ಪುಟ್ಟ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ರಾಯಣ್ಣನಂಥ ಮಗ ಹುಟ್ಟಲೆಂಬುದು ಆ ಹರಕೆ.